ಮಳೆನಾಡಿನ ಮನೆಯಲ್ಲಿ ಡೆಕಾಲ್ ಮುದ್ರಣ

(ಗೋಣಿಕೊಪ್ಪಲಿನಲ್ಲಿ ಮಾದರಿ ವಾಹನಗಳ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಾನ್ಯರೇ, ಅಂಗಡಿಯಲ್ಲಿ ಕೊಂಡು ತರುವ ಮಾದರಿ ಕಾರುಗಳ ಮೈಮೇಲೆ ದೂರದೂರದ ರೇಸುಗಳ ಸಂಖ್ಯೆಗಳು, ಎಣ್ಣೆ ಕಂಪನಿಗಳ ಹೆಸರುಗಳು, ಟಯರ್ ಕಂಪನಿಗಳ ಗುರುತುಗಳು ಬೇಕಾದಷ್ಟು ಸಿಗುತ್ತವೆ. ಆದರೆ ಕೆಎ 12 ಎಂಬ ನೋಂದಣಿ ಸಂಖ್ಯೆ ಹೊತ್ತು, ಬಾಗಿಲ ಮೇಲೆ ಕನ್ನಡದಲ್ಲಿ ತೋಟದ ಹೆಸರು ಬರೆಸಿಕೊಂಡು, ಹಿಂದೆ ಕಾಫಿ ಚೀಲ ಹೇರಿಕೊಂಡು ಓಡಾಡುವ ನಮ್ಮ ಜೀಪನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿ ಹಾಕಿ ಮಾರುವುದಿಲ್ಲ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಖಾಸಗಿ ಬಸ್ಸಿನ ಮಾರ್ಗಫಲಕವೂ ಅಷ್ಟೇ, ಹಳದಿ ಫಲಕದ ಬಾಡಿಗೆ ಜೀಪೂ ಅಷ್ಟೇ. ಅವು ಬೇಕೆಂದರೆ ನಾವೇ ಬಿಡಿಸಿ, ನಾವೇ ಮುದ್ರಿಸಿ, ನಾವೇ ಅಂಟಿಸಬೇಕು. ಹೀಗೆ ತೆಳು ಪೊರೆಯ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ, ಮಾದರಿಯ ಮೈಗೆ ಜಾರಿಸಿ ಅಂಟಿಸುವ ಚಿತ್ರವೇ ಡೆಕಾಲ್. ಆ ಕೆಲಸ ಮನೆಯ ಮೇಜಿನ ಮೇಲೆ ಹೇಗೆ ನಡೆಯುತ್ತದೆ ಎಂಬುದನ್ನು, ಅದರಲ್ಲೂ ಕೊಡಗಿನಂಥ ಮಳೆಯ ನಾಡಿನಲ್ಲಿ ಹೇಗೆ ನಡೆಯಬೇಕು ಎಂಬುದನ್ನು ಇಂದು ಹೇಳಲು ಬಯಸುತ್ತೇನೆ.

ಡೆಕಾಲ್ ಎಂದೊಡನೆ ಹೆಚ್ಚಿನವರು ಪ್ರಿಂಟರಿನ ಬಗ್ಗೆ ವಿಚಾರಿಸುತ್ತಾರೆ. ಯಾವ ಪ್ರಿಂಟರ್ ಕೊಳ್ಳಬೇಕು, ಎಷ್ಟು ಬೆಲೆ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಮುದ್ರಣ ಈ ಕೆಲಸದ ಅತ್ಯಂತ ಸುಲಭವಾದ ಭಾಗವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಷ್ಟವಿರುವುದು ನೀರನ್ನು ನಿಭಾಯಿಸುವುದರಲ್ಲಿ. ಕಾಗದದ ಅಂಟಿಗೆ ನೀರು ತಲುಪಬೇಕು, ಮಸಿಗೆ ತಲುಪಬಾರದು; ಡೆಕಾಲಿನ ಅಡಿಯಲ್ಲಿ ಸ್ವಲ್ಪ ಹೊತ್ತು ನೀರು ನಿಲ್ಲಬೇಕು, ಆಮೇಲೆ ಒಂದು ಹನಿಯೂ ಉಳಿಯಬಾರದು; ಮೇಲೆ ರಕ್ಷಣೆಗೆಂದು ಸಿಂಪಡಿಸುವ ಲ್ಯಾಕರ್ ಎಂಬ ಪಾರದರ್ಶಕ ಲೇಪದೊಳಕ್ಕೆ ಗಾಳಿಯ ತೇವ ನುಗ್ಗಬಾರದು. ಈ ಮೂರೂ ಅರ್ಥವಾದರೆ ಉಳಿದದ್ದೆಲ್ಲ ತಾಳ್ಮೆಯ ಮಾತು.

ಮೊದಲು ಕಾಗದದ ರಚನೆಯನ್ನು ನೋಡೋಣ. ನೀರಿನಲ್ಲಿ ಜಾರುವ ಡೆಕಾಲಿನ ಕಾಗದದಲ್ಲಿ ತಳಕ್ಕೆ ದಪ್ಪನೆಯ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟಿನ ಲೇಪ, ಅದರ ಮೇಲೆ ಕಣ್ಣಿಗೆ ಬೇರೆಯಾಗಿ ಕಾಣಿಸದಷ್ಟು ತೆಳುವಾದ ಒಂದು ಪೊರೆ ಇರುತ್ತದೆ. ನಾವು ಮುದ್ರಿಸುವುದು ಆ ಪೊರೆಯ ಮೇಲೆ. ನೀರು ತಳದ ಕಾಗದದ ಮೂಲಕ ಮೇಲೇರಿ ಅಂಟನ್ನು ಸಡಿಲಿಸಿದಾಗ ಪೊರೆ ಚಿತ್ರದ ಸಮೇತ ಜಾರಿ ಬರುತ್ತದೆ. ಅದರ ಬೆನ್ನಿಗೆ ಉಳಿದ ಅಂಟೇ ಅದನ್ನು ಕಾರಿನ ಮೈಗೆ ಹಿಡಿಸುತ್ತದೆ. ಇಷ್ಟು ಕಷ್ಟಪಡುವ ಬದಲು ಸ್ಟಿಕರ್ ಅಂಟಿಸಿದರೆ ಸಾಲದೇ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಸ್ಟಿಕರಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. 1:43 ಅಳತೆಯ, ಅಂದರೆ ನಿಜವಾದ ವಾಹನದ 43ನೇ ಒಂದು ಭಾಗದಷ್ಟಿರುವ ಮಾದರಿಯ ಮೇಲೆ ಅದು ನಿಜವಾದ ಜೀಪಿನ ಬಾಗಿಲಿಗೆ 4 ಮಿಲಿಮೀಟರಿಗೂ ಮಿಕ್ಕಿದ ದಪ್ಪದ ಹಲಗೆ ಬಡಿದಂತಾಯಿತು. ಬಣ್ಣದಲ್ಲಿ ಬರೆದ ಅಕ್ಷರ ಹಾಗೆ ಉಬ್ಬಿ ನಿಲ್ಲುವುದಿಲ್ಲ. ಡೆಕಾಲಿನ ಪೊರೆ ಇದಕ್ಕಿಂತ ಎಷ್ಟೋ ತೆಳು, ಆದ್ದರಿಂದಲೇ ಅದು ಬರೆದ ಬಣ್ಣದಂತೆ ಕಾಣುತ್ತದೆ.

ಪ್ರಿಂಟರಿನ ವಿಚಾರವನ್ನು ಬೇಗ ಮುಗಿಸುತ್ತೇನೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಕ್‌ಜೆಟ್. ಅದರ ಮಸಿ ನೀರಿನದು. ಮುದ್ರಿಸಿದ ಹಾಳೆಯನ್ನು ಹಾಗೆಯೇ ನೀರಿಗೆ ಹಾಕಿದರೆ ಚಿತ್ರ ಕರಗಿ ಹರಿದುಹೋಗುತ್ತದೆ, ಆದ್ದರಿಂದ ಅದರ ಮೇಲೆ ಪಾರದರ್ಶಕ ಲ್ಯಾಕರಿನ ಪದರ ಕಡ್ಡಾಯ. ಲೇಸರ್ ಪ್ರಿಂಟರಿನಲ್ಲಿ ಮಸಿಯ ಬದಲು ಟೋನರ್ ಎಂಬ ಪ್ಲಾಸ್ಟಿಕ್ ಪುಡಿ ಇರುತ್ತದೆ. ಬಿಸಿ ರೋಲರ್ ಅದನ್ನು ಕರಗಿಸಿ ಹಾಳೆಗೆ ಅಂಟಿಸುವುದರಿಂದ ಅದು ನೀರಿಗೆ ಜಗ್ಗುವುದಿಲ್ಲ. ಮನೆಯಲ್ಲಿ ಕಲರ್ ಲೇಸರ್ ಇಲ್ಲದವರು ಕುಶಾಲನಗರ, ಮಡಿಕೇರಿ ಅಥವಾ ಮೈಸೂರಿನ ಜೆರಾಕ್ಸ್ ಅಂಗಡಿಗೆ ತಮ್ಮದೇ ಹಾಳೆಯನ್ನು ಒಯ್ದು ಮುದ್ರಿಸಿಕೊಳ್ಳಬಹುದು. ಆದರೆ ಇಂಕ್‌ಜೆಟ್‌ಗೆಂದು ಮಾಡಿದ ಡೆಕಾಲ್ ಕಾಗದವನ್ನು ಎಂದಿಗೂ ಲೇಸರ್ ಯಂತ್ರಕ್ಕೆ ಕೊಡಬೇಡಿ. ಅದರ ಪೊರೆ ಆ ಬಿಸಿಯನ್ನು ತಡೆಯುವಂಥದ್ದಲ್ಲ. ಕರಗಿ ರೋಲರಿಗೆ ಸುತ್ತಿಕೊಂಡರೆ ಅಂಗಡಿಯವರ ಯಂತ್ರವೇ ಕೆಡುತ್ತದೆ. ಕಾಗದದ ಪೊಟ್ಟಣದ ಮೇಲೆ ಲೇಸರ್ ಎಂದು ಬರೆದಿರುವುದನ್ನು ಅಂಗಡಿಯವರಿಗೇ ತೋರಿಸಿ, ಒಂದೊಂದೇ ಹಾಳೆಯನ್ನು ಕೈಯಿಂದ ಕೊಡುವ ಟ್ರೇಯಲ್ಲಿ ಹಾಕಿಸಿ.

ಈ ಎರಡು ಬಗೆಯ ಪ್ರಿಂಟರುಗಳಿಗೂ ಒಂದು ಸಮಾನವಾದ ಕೊರತೆಯಿದೆ: ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಬಣ್ಣ ಇರುವುದಿಲ್ಲ. ನಾವು ಹಾಳೆಯಲ್ಲಿ ಕಾಣುವ ಬಿಳಿ ಕಾಗದದ್ದೇ ಹೊರತು ಮಸಿಯದ್ದಲ್ಲ. ಉಳಿದ ಮಸಿಗಳೂ ಗಾಜಿನಂತೆ ಪಾರದರ್ಶಕವಾದವು. ಪಾರದರ್ಶಕ ಕಾಗದದ ಮೇಲೆ ಹಳದಿ ಅಕ್ಷರ ಮುದ್ರಿಸಿ ಹಸಿರು ಜೀಪಿಗೆ ಹಚ್ಚಿದರೆ ಆ ಹಳದಿ ಹಸಿರಿನೊಳಗೆ ಮುಳುಗಿಹೋಗುತ್ತದೆ. ಜಪಾನಿನ ಆಲ್ಪ್ಸ್ ಕಂಪನಿಯ ಎಂಡಿ ಸರಣಿಯ ಪ್ರಿಂಟರುಗಳು ರಿಬ್ಬನ್ನಿನಿಂದ ಬಿಳಿಯನ್ನೂ ಲೋಹದ ಬಣ್ಣಗಳನ್ನೂ ಮುದ್ರಿಸುತ್ತಿದ್ದವು. ಮಾದರಿಗಾರರು ಅವನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿದ್ದಾರೆ, ಆದರೆ ಅವುಗಳ ತಯಾರಿಕೆ ಎಂದೋ ನಿಂತಿದೆ. ಬಿಳಿ ಟೋನರಿನ ಲೇಸರ್ ಯಂತ್ರಗಳೂ ಇವೆ, ಬೆಲೆ ಮನೆಯ ಹವ್ಯಾಸಕ್ಕೆ ಹೊಂದುವಂಥದ್ದಲ್ಲ.

ಆದ್ದರಿಂದ ನಮಗೆ ಉಳಿಯುವ ದಾರಿ ಬಿಳಿ ಪೊರೆಯ ಡೆಕಾಲ್ ಕಾಗದ. ಅದರ ಮೇಲೆ ಹಳದಿ ಹಳದಿಯಾಗಿಯೇ ನಿಲ್ಲುತ್ತದೆ, ಆದರೆ ಚಿತ್ರದ ಸುತ್ತಲಿನ ಬಿಳಿಯನ್ನೆಲ್ಲ ಕತ್ತರಿಸಿ ತೆಗೆಯಬೇಕಾಗುತ್ತದೆ. ಆಯತಾಕಾರದ ನಂಬರ್ ಪ್ಲೇಟಿಗೆ ಇದು ಹೇಳಿ ಮಾಡಿಸಿದ ಕಾಗದ. ಬಿಡಿ ಅಕ್ಷರಗಳಿಗೆ ಬಂದಾಗ ಎರಡು ಉಪಾಯಗಳಿವೆ. ಅಕ್ಷರಗಳ ಹಿನ್ನೆಲೆಗೆ ಜೀಪಿನದೇ ಹಸಿರನ್ನು ಮುದ್ರಿಸಿ ಇಡೀ ಪಟ್ಟಿಯನ್ನು ಹಚ್ಚುವುದು ಒಂದು. ಇದಕ್ಕೆ ಬಣ್ಣ ಕೂಡಿಬರುವ ತನಕ ಸಾದಾ ಕಾಗದದ ಮೇಲೆ ಹಲವು ಛಾಯೆಗಳನ್ನು ಮುದ್ರಿಸಿ ಜೀಪಿನ ಮೈಗೆ ಹಿಡಿದು ನೋಡಬೇಕು. ಇನ್ನೊಂದು, ಬಿಳಿ ಕಾಗದದಿಂದ ಆಕಾರವನ್ನಷ್ಟೇ ಕತ್ತರಿಸಿ ಮೊದಲು ಅಂಟಿಸಿ, ಒಣಗಿದ ಮೇಲೆ ಅದರ ಮೇಲೆ ಪಾರದರ್ಶಕ ಡೆಕಾಲನ್ನು ಕೂರಿಸುವುದು. ರೇಸ್ ಕಾರಿನ ದುಂಡನೆಯ ನಂಬರ್ ಗುರುತಿಗೆ ಎರಡನೆಯದು ಚೆನ್ನಾಗಿ ಒಗ್ಗುತ್ತದೆ.

ಇನ್ನು ಅಳತೆ. ಹೊಸಬರು ಮೊದಲು ನಂಬರ್ ಪ್ಲೇಟಿನಿಂದಲೇ ಶುರುಮಾಡಲಿ ಎಂದು ನಾನು ಹೇಳುವುದಕ್ಕೆ ಕಾರಣ, ಅದರ ಪ್ರತಿಯೊಂದು ಅಳತೆಯೂ ನಿಯಮದಲ್ಲೇ ಇದೆ. ಕಾರಿನ ಉದ್ದನೆಯ ಪ್ಲೇಟು 500 ಮಿಲಿಮೀಟರ್ ಉದ್ದ, 120 ಮಿಲಿಮೀಟರ್ ಎತ್ತರ. ಎರಡು ಸಾಲಿನದು 340ಕ್ಕೆ 200. ಅಕ್ಷರದ ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10. ಇವನ್ನು 1:43ಕ್ಕೆ ಇಳಿಸಿದರೆ ಉದ್ದನೆಯ ಪ್ಲೇಟು ಸುಮಾರು 11.6ಕ್ಕೆ 2.8 ಮಿಲಿಮೀಟರ್ ಆಗುತ್ತದೆ, ಅಕ್ಷರ ಒಂದೂವರೆ ಮಿಲಿಮೀಟರ್, ಗೆರೆ 0.23. ಅಂಗುಲಕ್ಕೆ 600 ಚುಕ್ಕಿ ಇಡುವ ಪ್ರಿಂಟರಿನ ಒಂದು ಚುಕ್ಕಿಯ ಜಾಗ 0.042 ಮಿಲಿಮೀಟರ್, ಅಂದರೆ ಒಂದು ಗೆರೆಗೆ ಐದಾರು ಚುಕ್ಕಿ ದಕ್ಕುತ್ತವೆ. ಅಕ್ಷರ ಸ್ಪಷ್ಟವಾಗಿ ಬರುತ್ತದೆ. ಅಂಗೈಯಲ್ಲಿ ಅಡಗುವ 1:64ರ ಕಾರಿಗೆ ಬಂದರೆ ಅದೇ ಗೆರೆಗೆ ನಾಲ್ಕು ಚುಕ್ಕಿಯೂ ಪೂರ್ತಿ ಸಿಗುವುದಿಲ್ಲ. ಓದಲು ಬರುತ್ತದೆ, ಆದರೆ ಅಂಚು ಒರಟಾಗುತ್ತದೆ. 1:24 ಅಥವಾ 1:18ರಲ್ಲಿ ಈ ಚಿಂತೆಯೇ ಇಲ್ಲ. ಮಾದರಿಯ ಅಳತೆ ಚಿಕ್ಕದಾದಷ್ಟೂ ಲೆಕ್ಕ ಕಟ್ಟುನಿಟ್ಟಾಗಿರಬೇಕು. ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದು ನೂರಕ್ಕೆ ನೂರು ಎಂದೇ ಇಡಬೇಕು, ಇಲ್ಲದಿದ್ದರೆ ಪ್ರಿಂಟರ್ ತನ್ನಷ್ಟಕ್ಕೇ ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಪ್ಲೇಟಿನಲ್ಲಿ ಕಾಲದ ಗುರುತೂ ಇರುತ್ತದೆ. ಅಶೋಕ ಚಕ್ರದ ಹೊಲೊಗ್ರಾಂ ಇರುವ ಅತಿ ಸುರಕ್ಷಿತ ಪ್ಲೇಟುಗಳು ಹೊಸ ವಾಹನಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್ 1ರಿಂದ. ಆ ಹೊಲೊಗ್ರಾಂ 20 ಮಿಲಿಮೀಟರಿನದು. 1:43ರಲ್ಲಿ ಅದು ಅರ್ಧ ಮಿಲಿಮೀಟರಿಗೂ ಕಡಿಮೆ, ಒಂದು ಬೂದು ಚುಕ್ಕಿ ಇಟ್ಟರೆ ಸಾಕು. ತೊಂಬತ್ತರ ದಶಕದ ತೋಟದ ಜೀಪನ್ನು ಮಾಡುವವರು ಆ ಚುಕ್ಕಿಯನ್ನು ಇಡಬಾರದು. ಆಗಿನ ಪ್ಲೇಟುಗಳನ್ನು ಪೇಂಟರ್ ಕೈಯಲ್ಲಿ ಬರೆಯುತ್ತಿದ್ದರು, ಅಕ್ಷರಗಳು ಒಂದೇ ಸಮ ಇರುತ್ತಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಿತು, ಕೆಎ ಎಂದು ಶುರುವಾಗುವ ಈಗಿನ ಮಾದರಿಯ ಸಂಖ್ಯೆಗಳು ಆ ಕಾಯ್ದೆಯ ಕಾಲದವು. ಅದಕ್ಕೂ ಹಿಂದಿನ ಜೀಪಾದರೆ ಮನೆಯ ಆಲ್ಬಮ್ಮಿನಲ್ಲಿರುವ ಹಳೆಯ ಫೋಟೊ ತೆಗೆದು, ಅದರಲ್ಲಿ ಕಂಡ ಸಂಖ್ಯೆಯನ್ನೇ ಬರೆಯುವುದು ಸರಿ. ಬಾಡಿಗೆ ವಾಹನಕ್ಕೆ ಹಳದಿಯ ಮೇಲೆ ಕಪ್ಪು, ಸ್ವಂತದ್ದಕ್ಕೆ ಬಿಳಿಯ ಮೇಲೆ ಕಪ್ಪು, ಸ್ವಂತದ ವಿದ್ಯುತ್ ಕಾರಿಗೆ ಹಸಿರಿನ ಮೇಲೆ ಬಿಳಿ ಎಂಬುದು ತಮಗೆಲ್ಲ ತಿಳಿದದ್ದೇ.

ಕನ್ನಡ ಅಕ್ಷರಗಳು ಬಂದಾಗ ಎಚ್ಚರ ಇಮ್ಮಡಿಯಾಗಬೇಕು. ಬಾಗಿಲ ಮೇಲೆ 100 ಮಿಲಿಮೀಟರ್ ಎತ್ತರಕ್ಕೆ ‘ಎಸ್ಟೇಟ್’ ಎಂದು ಬರೆದಿದ್ದರೆ 1:43ರಲ್ಲಿ ಅದು 2.3 ಮಿಲಿಮೀಟರ್. ಮೂಲಾಕ್ಷರ ಉಳಿಯುತ್ತದೆ, ಆದರೆ ಕೆಳಗಿನ ಒತ್ತಿನ ಒಳಗಿರುವ ಪುಟ್ಟ ಬಯಲು ಮಸಿಯಿಂದ ತುಂಬಿಕೊಂಡು ಒಂದು ಕಪ್ಪು ಮಚ್ಚೆಯಂತಾಗುತ್ತದೆ. ದಪ್ಪ-ತೆಳುವಿನ ಅಲಂಕಾರದ ಫಾಂಟುಗಳನ್ನು ಬಿಟ್ಟು ಒಂದೇ ದಪ್ಪದ ಗೆರೆಯ ಫಾಂಟನ್ನು ಆರಿಸಿ, ಒತ್ತಕ್ಷರವನ್ನು ಕೈಯಿಂದಲೇ ತುಸು ಹಿಗ್ಗಿಸಿ, ಅಕ್ಷರಗಳ ನಡುವಿನ ತೆರಪನ್ನು ಹೆಚ್ಚಿಸಿದರೆ ಓದು ಉಳಿಯುತ್ತದೆ. ಚಿತ್ರ ಬಿಡಿಸಲು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. ಅದರಲ್ಲಿ ಬರೆದ ಕನ್ನಡವನ್ನು ಆಕೃತಿಯಾಗಿ ಪರಿವರ್ತಿಸಿಯೇ ಜೆರಾಕ್ಸ್ ಅಂಗಡಿಗೆ ಒಯ್ಯಿರಿ; ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಒತ್ತು ಒಂದು ಕಡೆ, ಕೊಂಬು ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗುತ್ತವೆ.

ಈಗ ನಮ್ಮ ನಾಡಿನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಡೆಕಾಲ್ ಮಾಡುವ ವಿಧಾನವನ್ನು ವಿವರಿಸುವ ಹೊರನಾಡಿನವರು ಮುದ್ರಿಸಿದ ಹಾಳೆಯನ್ನು ಕೆಲವು ತಾಸು ಒಣಗಿಸಿ, ಲ್ಯಾಕರ್ ಹೊಡೆಯಿರಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಮಡಿಕೇರಿಯಲ್ಲಿ, ಅದರಲ್ಲೂ ಜುಲೈ-ಆಗಸ್ಟ್‌ನಲ್ಲಿ ಬರುವ ಕಕ್ಕಡದ ತಿಂಗಳಲ್ಲಿ, ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗದಿರುವಾಗ ಈ ಮಾತು ನಡೆಯುವುದಿಲ್ಲ. ಇಂಕ್‌ಜೆಟ್ಟಿನ ಮಸಿ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಅದರ ಮೇಲೆ ಲ್ಯಾಕರ್ ಮುಚ್ಚಿದರೆ ಆ ತೇವಕ್ಕೆ ಹೊರದಾರಿ ಇಲ್ಲದೆ ಬಣ್ಣ ಅಂಚಿನಲ್ಲಿ ಹರಡುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಲ್ಯಾಕರಿನದೇ. ಸ್ಪ್ರೇ ಡಬ್ಬಿಯಿಂದ ಹೊರಬಂದ ಲ್ಯಾಕರಿನ ದ್ರಾವಕ ಬಹಳ ವೇಗವಾಗಿ ಆವಿಯಾಗುತ್ತದೆ, ಆವಿಯಾಗುವಾಗ ಹಾಳೆಯ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಮೈಮೇಲೆ ಇಬ್ಬನಿ ಕೂತು, ಒಣಗುತ್ತಿರುವ ಲ್ಯಾಕರಿನೊಳಗೇ ಸಿಕ್ಕಿಕೊಳ್ಳುತ್ತದೆ. ಪಾರದರ್ಶಕವಾಗಿರಬೇಕಾದ ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಇದು ಡಬ್ಬಿಯ ದೋಷವೆಂದು ಅಂಗಡಿಗೆ ಹಿಂದಿರುಗಿಸಿದವರನ್ನು ನಾನು ನೋಡಿದ್ದೇನೆ. ದೋಷ ಡಬ್ಬಿಯದ್ದಲ್ಲ, ಆ ದಿನದ ಗಾಳಿಯದು. ಹೀಗೆ ಬೆಳ್ಳಗಾದ ಹಾಳೆಯನ್ನು ಕೂಡಲೇ ಬಿಸಾಡಬೇಕಾಗಿಲ್ಲ. ಒಳ್ಳೆಯ ಬಿಸಿಲಿನ ದಿನ ಅದರ ಮೇಲೆ ಅದೇ ಲ್ಯಾಕರಿನ ತೆಳುವಾದ ಇನ್ನೊಂದು ಪದರ ಹೊಡೆದರೆ, ಹೊಸ ದ್ರಾವಕ ಹಳೆಯ ಪದರವನ್ನು ಮೆತ್ತಗಾಗಿಸಿ ಒಳಗಿನ ತೇವಕ್ಕೆ ದಾರಿ ಮಾಡಿಕೊಡುತ್ತದೆ, ಎಷ್ಟೋ ಸಲ ತಿಳಿತನ ಮರಳುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಪದ್ಧತಿ ಸರಳ: ಮಳೆಗಾಲಕ್ಕೆ ಲೇಸರ್, ಬೇಸಿಗೆಗೆ ಇಂಕ್‌ಜೆಟ್. ಲೇಸರಿನ ಹಾಳೆಗೆ ಲ್ಯಾಕರ್ ಕಡ್ಡಾಯವಲ್ಲವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಕ್ಷೇಮ. ಇಂಕ್‌ಜೆಟ್ಟಿನ ಕೆಲಸವನ್ನೆಲ್ಲ ಕಾಫಿ ಕೊಯ್ಲಿನ ತಿಂಗಳುಗಳಿಗೆ, ಅಂದರೆ ಕಣದಲ್ಲಿ ಕಾಫಿ ಒಣಗುವ ಡಿಸೆಂಬರಿನಿಂದ ಹೂಮಳೆ ಬೀಳುವವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳುತ್ತೇನೆ. ಆಗಲೂ ಬೆಳಗಿನ ಮಂಜು ಪೂರ್ತಿ ಕರಗಿದ ಮೇಲೆ, ಹನ್ನೊಂದರಿಂದ ಮೂರರೊಳಗೆ ಸಿಂಪಡಿಸುವುದು ಒಳ್ಳೆಯದು. ಗಾಳಿಯ ತೇವವನ್ನು ತೋರಿಸುವ ಪುಟ್ಟ ಮಾಪಕ ಹೆಚ್ಚು ಬೆಲೆಯದ್ದೇನಲ್ಲ. ಅದು ಶೇಕಡಾ 70ಕ್ಕಿಂತ ಕೆಳಗೆ ತೋರಿಸಿದರೆ ನಾನು ಡಬ್ಬಿ ಎತ್ತುತ್ತೇನೆ, 80 ದಾಟಿದರೆ ಮುಟ್ಟುವುದೇ ಇಲ್ಲ. ಮಳೆಯ ನಡುವೆ ಇಂಕ್‌ಜೆಟ್ ಮಾಡಲೇಬೇಕಾದವರು ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಕಾಲದ ಬಿಸಿಯಾಗುವ ಬಲ್ಬನ್ನು ರಟ್ಟಿಗೂ ಹಾಳೆಗೂ ತಾಗದಂತೆ ಇಳಿಬಿಟ್ಟು, ಮುದ್ರಿಸಿದ ಹಾಳೆಯನ್ನು ಒಂದು ಇಡೀ ದಿನ, ತಾವು ಎದುರಿಗಿದ್ದಾಗ ಮಾತ್ರ ಬಲ್ಬ್ ಉರಿಸಿ, ಒಣಗಿಸಬಹುದು. ಲ್ಯಾಕರ್ ಹೊಡೆದ ಹಾಳೆಯನ್ನು ಮಾತ್ರ ಆ ಪೆಟ್ಟಿಗೆಗೆ ಇಡಕೂಡದು, ದ್ರಾವಕದ ಆವಿ ಬೆಂಕಿ ಹಿಡಿಯುವಂಥದ್ದು. ಸಿಂಪಡಿಸುವುದನ್ನೂ ಒಲೆ ಇರುವ ಕಡೆ ಮಾಡದೆ, ಬಾಗಿಲು ಕಿಟಕಿ ತೆರೆದ ಜಗಲಿಯಲ್ಲಿ, ಆವಿಯನ್ನು ತಡೆಯುವ ಮಾಸ್ಕ್ ಹಾಕಿಕೊಂಡು ಮಾಡಬೇಕು.

ಲ್ಯಾಕರಿನ ಮೊದಲ ಪದರ ಮಂಜಿನಂತೆ ಬೀಳಬೇಕು, ಹಾಳೆ ಒದ್ದೆಯಾಗಿ ಹೊಳೆಯುವಷ್ಟು ಬೀಳಬಾರದು. ಒಮ್ಮೆಗೇ ಹೆಚ್ಚು ಹೊಡೆದರೆ ಇಂಕ್‌ಜೆಟ್ಟಿನ ಮಸಿ ಹರಿಯುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು, ಮತ್ತೆ ಅರ್ಧ ಗಂಟೆ ಬಿಟ್ಟು ತುಸು ತುಂಬುವಂತೆ ಮೂರನೆಯದು. ಆಮೇಲೆ ಒಂದು ದಿನ ಹಾಳೆಯನ್ನು ಮರೆತುಬಿಡಿ. ಮುದ್ರಿಸದೆ ಉಳಿದ ಹಾಳೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ಬೀರುವಿನಲ್ಲಿ ಹಾಗೆಯೇ ಇಟ್ಟ ಕಾಗದ ಒಂದೇ ಮಳೆಗಾಲದಲ್ಲಿ ಸುರುಳಿ ಸುತ್ತಿಕೊಂಡು ಪ್ರಿಂಟರಿಗೆ ಹೋಗದಂತಾಗುತ್ತದೆ.

ಅಂಟಿಸುವ ಮೊದಲು ಕಾರಿನ ಮೈ ಸಿದ್ಧವಾಗಬೇಕು. ಅಗ್ಗದ ಲೋಹದ ಕಾರುಗಳ ಮೇಲಿನ ಮೂಲ ಚಿತ್ರಗಳನ್ನು ಕಾರ್ಖಾನೆಯಲ್ಲಿ ಮೆತ್ತನೆಯ ಸಿಲಿಕೋನ್ ದಿಂಬಿನಿಂದ ಒತ್ತಿ ಮುದ್ರಿಸಿರುತ್ತಾರೆ, ಟ್ಯಾಂಪೊ ಎಂದು ಅದಕ್ಕೆ ಹೆಸರು. ಹತ್ತಿಯ ಕಡ್ಡಿಗೆ ಉಗುರುಬಣ್ಣ ತೆಗೆಯುವ ದ್ರವ ಸೋಕಿಸಿ ಹಗುರವಾಗಿ ಉಜ್ಜಿದರೆ ಅದು ಹೋಗುತ್ತದೆ. ಜೋರಾಗಿ ಉಜ್ಜಿದರೆ ಅಡಿಯ ಬಣ್ಣವೂ ಹೋಗುತ್ತದೆ, ಪ್ಲಾಸ್ಟಿಕ್ ಭಾಗಕ್ಕೆ ತಾಗಿದರೆ ಅದೇ ಕರಗುತ್ತದೆ. ಆಮೇಲೆ ಮೈ ನುಣುಪಾಗಿ ಹೊಳೆಯುವಂತಿರಬೇಕು. ಮಂಕು ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಒರಟು. ಅದರ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಡೆಕಾಲಿನ ಪಾರದರ್ಶಕ ಭಾಗ ಬೆಳ್ಳಿಯಂತೆ ಮಿನುಗತೊಡಗುತ್ತದೆ. ನಿಮಗೆ ಕೊನೆಗೆ ಮಂಕು ಜೀಪೇ ಬೇಕೆಂದರೂ ಮೊದಲು ಹೊಳಪಿನ ಪದರ, ಅದರ ಮೇಲೆ ಡೆಕಾಲ್, ಕೊನೆಗೆ ಮಂಕು ಪದರ ಎಂಬ ಕ್ರಮವನ್ನು ಮೀರಬೇಡಿ.

ಜೀಪಿನ ಬಾಗಿಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಹೊಸ ಬ್ಲೇಡಿನಿಂದ ಅಕ್ಷರಗಳ ಅಂಚಿಗೆ ಆದಷ್ಟು ಹತ್ತಿರ ಕತ್ತರಿಸಿದ ತುಂಡನ್ನು ಚಿಮುಟದಲ್ಲಿ ಹಿಡಿದು ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ಮೂವತ್ತು ಸೆಕೆಂಡ್ ಅದ್ದಿ ತೆಗೆಯಿರಿ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಸಿಗುವ ಬಟ್ಟಿ ಇಳಿಸಿದ ನೀರನ್ನು ಬಳಸಿದರೆ ಒಣಗಿದ ಮೇಲೆ ಕಲೆ ಉಳಿಯುವುದಿಲ್ಲ. ತುಂಡು ನೀರಿನಲ್ಲೇ ತೇಲಿಬರುವವರೆಗೆ ಬಿಡಬಾರದು, ಅಂಟೆಲ್ಲ ತೊಳೆದುಹೋಗುತ್ತದೆ. ಅದನ್ನು ಟಿಶ್ಯೂ ಕಾಗದದ ಮೇಲೆ ಒಂದು ನಿಮಿಷ ಇಟ್ಟರೆ ಒಳಗಿನ ನೀರು ತನ್ನ ಕೆಲಸ ಮುಂದುವರಿಸುತ್ತದೆ. ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಪೊರೆ ಕದಲಿದರೆ ಸಿದ್ಧವಾಯಿತೆಂದು ಅರ್ಥ. ಬಾಗಿಲ ಮೇಲೆ ಒಂದು ಹನಿ ನೀರು ಸವರಿ, ಕಾಗದವನ್ನು ಅದರ ಪಕ್ಕಕ್ಕೆ ಹಿಡಿದು, ಮೆತ್ತನೆಯ ಕುಂಚದಿಂದ ಡೆಕಾಲನ್ನು ಕಾಗದದಿಂದ ಬಾಗಿಲಿಗೆ ಜಾರಿಸಿ. ಅಡಿಯಲ್ಲಿ ನೀರಿರುವಷ್ಟು ಹೊತ್ತು ಅದನ್ನು ಅತ್ತಿತ್ತ ಸರಿಸಿ ನೇರ ಮಾಡಬಹುದು. ಸರಿಯಾಗಿ ಕೂತ ಮೇಲೆ ಒದ್ದೆ ಹತ್ತಿಯ ಕಡ್ಡಿಯನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸುತ್ತ ನೀರನ್ನೂ ಗಾಳಿಯನ್ನೂ ಹೊರಗೆ ತಳ್ಳಬೇಕು. ಬಾಗಿಲಿನ ಕೀಲು, ಏಣುಗಳ ಮೇಲೆ ಡೆಕಾಲ್ ಡೇರೆಯಂತೆ ಎದ್ದು ನಿಂತರೆ ಮೈಕ್ರೊ ಸಾಲ್‌ನಂಥ ಮೆದುಗೊಳಿಸುವ ದ್ರವವನ್ನು ಕುಂಚದಿಂದ ಸೋಕಿಸಿ. ಡೆಕಾಲ್ ಮೊದಲು ಸುಕ್ಕುಗಟ್ಟುತ್ತದೆ. ಅದನ್ನು ಕಂಡು ಗಾಬರಿಯಿಂದ ಕೈ ಹಾಕಿದರೆ ಹರಿಯುತ್ತದೆ. ಬಿಟ್ಟರೆ ಒಣಗುತ್ತ ತಾನೇ ಏಣಿಗೆ ಬಿಗಿದುಕೊಳ್ಳುತ್ತದೆ. ಇಂಕ್‌ಜೆಟ್ಟಿನ ಡೆಕಾಲಿನ ಮೇಲೆ ಲ್ಯಾಕರ್ ಇರುವುದರಿಂದ ಈ ದ್ರವ ಕೆಲವೊಮ್ಮೆ ನಾಟುವುದಿಲ್ಲ, ಕೆಲವೊಮ್ಮೆ ಲ್ಯಾಕರನ್ನೇ ತಿನ್ನುತ್ತದೆ, ಆದ್ದರಿಂದ ಹಾಳೆಯ ಮೂಲೆಯಲ್ಲಿ ಮುದ್ರಿಸಿದ ಒಂದು ಹೆಚ್ಚಿನ ತುಂಡಿನ ಮೇಲೆ ಮೊದಲು ಪರೀಕ್ಷಿಸಬೇಕು.

ಸಭೆಯಲ್ಲಿ ಒಬ್ಬ ಹಿರಿಯರು, ಡೆಕಾಲ್ ಕೂರಿಸಲು ವಿನೆಗರ್ ಬಳಸುತ್ತಾರಂತಲ್ಲ, ನಮ್ಮ ಕೊಡಗಿನ ಅಡುಗೆಯ ಹುಳಿರಸ ಕಾಚಂಪುಳಿ ನಡೆಯುವುದಿಲ್ಲವೇ ಎಂದು ಕೇಳಿದರು. ಕೂರಿಸುವ ಕೆಲವು ದ್ರವಗಳಲ್ಲಿ ವಿನೆಗರಿನದೇ ಆಮ್ಲ ಇರುವುದು ನಿಜ, ಬಿಳಿ ವಿನೆಗರಿಗೆ ನೀರು ಬೆರೆಸಿ ಮೇಲ್ಮೈಗೆ ಸವರುವವರೂ ಇದ್ದಾರೆ. ಕಾಚಂಪುಳಿ ಹಾಗಲ್ಲ, ಕುದಿಸಿ ಕುದಿಸಿ ಇಳಿಸಿದ ಅದು ಕಪ್ಪಗೆ, ಗಟ್ಟಿಯಾಗಿ, ಜಿಗುಟಾಗಿರುತ್ತದೆ. ಡೆಕಾಲಿನ ಅಡಿಯಲ್ಲಿ ಕಲೆ ಬಿಟ್ಟು ಕೂರುವುದಲ್ಲದೆ ಬೇರೇನನ್ನೂ ಮಾಡಲಾರದು. ಅದು ಹಂದಿಮಾಂಸದ ಪಂದಿಕರಿಗೇ ಇರಲಿ ಎಂದು ಅವರಿಗೆ ಗೌರವದಿಂದ ಹೇಳಿದೆ.

ಕಂಪನಿಗಳ ಗುರುತನ್ನು ಮುದ್ರಿಸಬಹುದೇ ಎಂದು ಇನ್ನೊಬ್ಬರು ಕೇಳಿದರು. ತಮ್ಮ ಕಪಾಟಿನ ಕಾರಿಗೆ ಹಚ್ಚಿಕೊಳ್ಳುವುದು ಒಂದು, ಅದನ್ನೇ ಹಾಳೆಗಟ್ಟಲೆ ಮುದ್ರಿಸಿ ಮಾರುವುದು ಇನ್ನೊಂದು. ನೋಂದಾಯಿತ ವ್ಯಾಪಾರ ಚಿಹ್ನೆಯನ್ನು ಮಾರಾಟಕ್ಕೆ ಬಳಸಲು ಅದರ ಒಡೆಯರ ಒಪ್ಪಿಗೆ ಬೇಕು. ತೋಟದ ಹೆಸರನ್ನು ಬಳಸುವಾಗಲೂ ತೋಟದವರನ್ನು ಒಂದು ಮಾತು ಕೇಳುವುದು ನಮ್ಮ ಊರಿನ ಮರ್ಯಾದೆ. ಹಾಗೆ ಕೇಳಲು ಹೋದಾಗ ಕೈಯಲ್ಲಿ ಅಳತೆಯ ಟೇಪು ಇರಲಿ. ಬಾಗಿಲಿನ ಅಗಲ, ಅಕ್ಷರದ ಎತ್ತರ, ಅಂಚಿನಿಂದ ಅಕ್ಷರಕ್ಕಿರುವ ದೂರ ಇವನ್ನು ಬರೆದುಕೊಂಡು, ಬಾಗಿಲಿಗೆ ಎದುರಾಗಿ ನೇರ ನಿಂತು, ಟೇಪು ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ. ಓರೆಯಿಂದ ತೆಗೆದ ಫೋಟೊದಿಂದ ಅಕ್ಷರಗಳ ನಿಜವಾದ ಅನುಪಾತ ಸಿಗುವುದಿಲ್ಲ. ಕೈಬರಹದ ಹಳೆಯ ಅಕ್ಷರಗಳಿದ್ದರೆ ಫಾಂಟು ಹುಡುಕುತ್ತ ಕೂರದೆ ಆ ಫೋಟೊದ ಮೇಲೆಯೇ ಗೆರೆ ಎಳೆದು ನಕಲು ಮಾಡಿ. ಪೇಂಟರಿನ ಕೈಯ ವಾಲು, ಒತ್ತಕ್ಷರಕ್ಕೆ ಅವರು ಕೊಟ್ಟ ತಿರುವು ಯಾವ ಫಾಂಟಿನಲ್ಲೂ ಇರುವುದಿಲ್ಲ. ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಮುಂಚೆ ಎಷ್ಟೋ ಮನೆಗಳಲ್ಲಿ ಜೀಪು ತೊಳೆದು ಹೊಸದಾಗಿ ಬಣ್ಣ ಹೊಡೆಸುವುದುಂಟು, ಹಳೆಯ ಬರಹದ ಮೇಲೆ ಹೊಸ ಸ್ಟಿಕರ್ ಬೀಳುವುದೂ ಆಗಲೇ. ಅಳತೆ ತೆಗೆಯುವವರು ಆಗಸ್ಟ್ ಮುಗಿಯುವುದರೊಳಗೆ ಹೋಗಿಬರುವುದು ಲೇಸು.